ಎಷ್ಟು ಕ್ಯಾಲೊರಿ ಖರ್ಚಾಯಿತು? ಕೈಗಡಿಯಾರ, ಟ್ರೆಡ್‌ಮಿಲ್, ಮೆಟ್ ಪಟ್ಟಿಗಳಲ್ಲಿ ಯಾವುದನ್ನು ಯಾವುದಕ್ಕೆ ನೆಚ್ಚಬಹುದು

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ, ಎಡಗೈಗೆ ಒಂದು, ಬಲಗೈಗೆ ಇನ್ನೊಂದು ಸ್ಮಾರ್ಟ್‌ವಾಚ್ ಕಟ್ಟಿಕೊಂಡು ನಾನು 48 ನಿಮಿಷಗಳಲ್ಲಿ 4 ಕಿಲೋಮೀಟರ್ ನಡೆದೆ. ನನ್ನ ತೂಕ 64 ಕಿಲೋ. ಎರಡಕ್ಕೂ ಅದೇ ವಯಸ್ಸು, ಅದೇ ಎತ್ತರ, ಅದೇ ತೂಕವನ್ನು ತುಂಬಿಸಿದ್ದೆ. ನಡಿಗೆ ಮುಗಿಸಿ ನಿಂತಾಗ ಎಡಗೈಯ ಗಡಿಯಾರ 214 ಕ್ಯಾಲೊರಿ ಎಂದು ತೋರಿಸಿತು, ಬಲಗೈಯದು 287 ಎಂದಿತು. ಮನೆಗೆ ಬಂದು, ಯಾವ ಚಟುವಟಿಕೆಗೆ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂದು ಹೇಳುವ, ಸಂಶೋಧಕರು ಬಳಸುವ ಮೆಟ್ ಪಟ್ಟಿಯಿಂದ ಕಾಗದದ ಮೇಲೆ ಲೆಕ್ಕ ಹಾಕಿದಾಗ 179 ಬಂತು. ನಡೆಯದೆ ಮನೆಯಲ್ಲಿ ಕುಳಿತಿದ್ದರೂ ಆ 48 ನಿಮಿಷಗಳಲ್ಲಿ ದೇಹ ಹೇಗೂ ಖರ್ಚು ಮಾಡುತ್ತಿದ್ದ ಪಾಲನ್ನು ಅದರಿಂದ ಕಳೆದಾಗ ಉಳಿದದ್ದು 128.

ಒಂದೇ ನಡಿಗೆಗೆ ನಾಲ್ಕು ಉತ್ತರಗಳು, ಅತಿ ದೊಡ್ಡದು ಅತಿ ಚಿಕ್ಕದರ ಎರಡು ಪಟ್ಟಿಗಿಂತ ಹೆಚ್ಚು. ತೂಕ ಇಳಿಸಲು ಹೊರಟವರು, ಸಕ್ಕರೆ ಕಾಯಿಲೆಯಿರುವವರು, ಓಟದ ಸ್ಪರ್ಧೆಗೆ ತಯಾರಾಗುತ್ತಿರುವವರು ಇಂಥ ಸಂಖ್ಯೆಗಳನ್ನು ನೆಚ್ಚಿ ಊಟದ ತಟ್ಟೆಯ ವಿಷಯದಲ್ಲಿ ತೀರ್ಮಾನ ಮಾಡುತ್ತಾರೆ. ಆದ್ದರಿಂದ ಈ ಸಂಖ್ಯೆಗಳು ಎಲ್ಲಿಂದ ಬರುತ್ತವೆ, ಯಾವ ಕೆಲಸಕ್ಕೆ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದನ್ನು ಸಾವಧಾನವಾಗಿ ನೋಡುವುದು ಅಗತ್ಯವೆಂದು ನನಗೆ ಅನ್ನಿಸಿದೆ. ಇಲ್ಲಿ ಕ್ಯಾಲೊರಿ ಎಂದಾಗಲೆಲ್ಲ, ಆಹಾರದ ಪೊಟ್ಟಣಗಳ ಮೇಲೆ ಇರುವಂತೆ, ಕಿಲೋಕ್ಯಾಲೊರಿ ಎಂದೇ ಅರ್ಥ.

ನಿಜವಾಗಿ ಅಳೆಯಬೇಕಾದದ್ದು ಉಸಿರು

ಸ್ನಾಯುಗಳು ಕೆಲಸ ಮಾಡುವಾಗ ಸಕ್ಕರೆ ಮತ್ತು ಕೊಬ್ಬನ್ನು ಆಮ್ಲಜನಕದ ಜೊತೆ ಉರಿಸುತ್ತವೆ. ದೇಹ ಒಂದು ಲೀಟರ್ ಆಮ್ಲಜನಕವನ್ನು ಬಳಸಿದರೆ ಸುಮಾರು 5 ಕ್ಯಾಲೊರಿ ಶಕ್ತಿ ಬಿಡುಗಡೆಯಾಗುತ್ತದೆ. ಉರಿಯುವುದು ಬರೀ ಕೊಬ್ಬಾದರೆ ಸುಮಾರು 4.7, ಬರೀ ಸಕ್ಕರೆಯಾದರೆ 5ಕ್ಕಿಂತ ತುಸು ಹೆಚ್ಚು. ಆದ್ದರಿಂದ ಒಬ್ಬ ವ್ಯಕ್ತಿ ಎಳೆದುಕೊಂಡ ಆಮ್ಲಜನಕವನ್ನೂ ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಅಳೆದರೆ ಖರ್ಚಾದ ಕ್ಯಾಲೊರಿಯನ್ನು ನಿಖರವಾಗಿ ಹೇಳಬಹುದು. ಈ ಎರಡು ಅಳತೆಗಳನ್ನು ಕ್ಯಾಲೊರಿಗೆ ಪರಿವರ್ತಿಸಲು ವಿಯರ್ ಎಂಬ ವಿಜ್ಞಾನಿ 1949ರಲ್ಲಿ ಕೊಟ್ಟ ಸೂತ್ರವನ್ನು ಪ್ರಯೋಗಾಲಯಗಳು ಇಂದಿಗೂ ಬಳಸುತ್ತವೆ.

ಆದರೆ ಕೆರೆಯ ದಂಡೆಯಲ್ಲಿ ಯಾರೂ ಮುಖಕ್ಕೆ ಮಾಸ್ಕ್ ಬಿಗಿದು ಉಸಿರಿನ ಅಳತೆ ಮಾಡಿಸಿಕೊಂಡು ನಡೆಯುವುದಿಲ್ಲ. ಹಾಗಾಗಿ ಉಳಿದ ಎಲ್ಲ ವಿಧಾನಗಳೂ ಆಮ್ಲಜನಕದ ಬದಲು ಬೇರೆ ಏನನ್ನೋ ಅಳೆದು, ಅದರಿಂದ ಆಮ್ಲಜನಕ ಎಷ್ಟಿದ್ದೀತು ಎಂದು ಊಹಿಸುತ್ತವೆ. ಟ್ರೆಡ್‌ಮಿಲ್ ತನ್ನ ಪಟ್ಟಿಯ ವೇಗವನ್ನು ನೋಡುತ್ತದೆ, ಕೈಗಡಿಯಾರ ತೋಳಿನ ಅಲುಗಾಟವನ್ನೂ ನಾಡಿಯನ್ನೂ ನೋಡುತ್ತದೆ, ಸೈಕಲ್ಲಿನ ಪವರ್ ಮೀಟರ್ ಪೆಡಲಿಗೆ ಬೀಳುವ ಬಲವನ್ನು ನೋಡುತ್ತದೆ. ಇವುಗಳನ್ನು ಹೋಲಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಸಾಧನ ಅಳೆಯುವ ವಸ್ತುವಿಗೂ ನನ್ನ ಸ್ನಾಯುಗಳು ಬಳಸುವ ಆಮ್ಲಜನಕಕ್ಕೂ ನಡುವೆ ಎಷ್ಟು ಊಹೆಗಳು ಇವೆ?

ಮೊದಲು ಒಟ್ಟು ಮತ್ತು ನಿವ್ವಳ

ಯಾವ ವಿಧಾನವನ್ನು ಆರಿಸಿದರೂ, ಅದು ಕೊಡುವ ಸಂಖ್ಯೆ ಒಟ್ಟು ಖರ್ಚೋ ನಿವ್ವಳ ಖರ್ಚೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಹೆಚ್ಚಿನವರು ಎಡವುವುದು ಇಲ್ಲಿ, ಸಾಧನದ ದೋಷಕ್ಕಿಂತ ಹೆಚ್ಚಿನ ನಷ್ಟ ಆಗುವುದೂ ಎಷ್ಟೋ ಸಲ ಇಲ್ಲಿಯೇ.

ಹೃದಯ ಬಡಿಯಲು, ಮಿದುಳು ಕೆಲಸ ಮಾಡಲು, ಮೈ ಬೆಚ್ಚಗಿರಲು ದೇಹ ಇಡೀ ದಿನ ಕ್ಯಾಲೊರಿ ಖರ್ಚು ಮಾಡುತ್ತಲೇ ಇರುತ್ತದೆ. ಒಟ್ಟು ಲೆಕ್ಕದಲ್ಲಿ ಆ ಪಾಲೂ ಸೇರಿರುತ್ತದೆ. ನಿವ್ವಳ ಲೆಕ್ಕ ವ್ಯಾಯಾಮದಿಂದಾದ ಹೆಚ್ಚುವರಿ ಖರ್ಚನ್ನು ಮಾತ್ರ ಹೇಳುತ್ತದೆ. ನನ್ನ ನಡಿಗೆಯಲ್ಲಿ 179 ಒಟ್ಟು ಲೆಕ್ಕ, 128 ನಿವ್ವಳ ಲೆಕ್ಕ. ವ್ಯಾಯಾಮ ನಿಧಾನವಾಗಿದ್ದಷ್ಟೂ ಈ ಅಂತರ ದೊಡ್ಡ ಪಾಲಾಗುತ್ತದೆ. ಜೋರಾದ ಓಟದಲ್ಲಿ ವಿಶ್ರಾಂತಿಯ ಪಾಲು ಹತ್ತರಲ್ಲಿ ಒಂದಿರಬಹುದು, ಮೆಲ್ಲನೆಯ ಯೋಗಾಭ್ಯಾಸದಲ್ಲಿ ಹತ್ತರಲ್ಲಿ ನಾಲ್ಕು. ಕೆಲವು ಗಡಿಯಾರಗಳು ‘ಆ್ಯಕ್ಟಿವ್’ ಮತ್ತು ‘ಟೋಟಲ್’ ಎಂದು ಎರಡನ್ನೂ ಬೇರೆ ಬೇರೆಯಾಗಿ ತೋರಿಸುತ್ತವೆ. ಅಂಥದ್ದು ಕೈಯಲ್ಲಿದ್ದರೆ ಮೊದಲನೆಯದನ್ನು ನೋಡುವುದು ಒಳ್ಳೆಯದು.

ಇದರ ಜೊತೆಗೆ ಎರಡು ಸಲ ಎಣಿಸುವ ಅಪಾಯವೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಮಟ್ಟಗಳ ಪ್ರಕಾರ, 55 ಕಿಲೋ ತೂಕದ ಮಹಿಳೆ ಕುಳಿತು ಕೆಲಸ ಮಾಡುವವಳಾದರೆ ದಿನಕ್ಕೆ 1,660 ಕ್ಯಾಲೊರಿ, ಮಧ್ಯಮ ಶ್ರಮದವಳಾದರೆ 2,130 ಕ್ಯಾಲೊರಿ ಬೇಕು. ಈ ಎರಡರ ನಡುವಿನ 470 ಕ್ಯಾಲೊರಿ ದೈಹಿಕ ಚಟುವಟಿಕೆಯ ಲೆಕ್ಕವೇ. ದಿನಕ್ಕೆ ಒಂದು ಗಂಟೆ ನಡೆಯುತ್ತೇನೆಂದು ಆ್ಯಪ್‌ನಲ್ಲಿ ಮಧ್ಯಮ ಶ್ರಮ ಎಂದು ಗುರುತು ಹಾಕಿ, ಸಂಜೆ ಗಡಿಯಾರ ತೋರಿಸಿದ 250 ಕ್ಯಾಲೊರಿಯನ್ನು ಅದರ ಮೇಲೆ ಮತ್ತೆ ಸೇರಿಸಿ ಊಟ ಮಾಡಿದರೆ, ಒಂದೇ ನಡಿಗೆಗೆ ಎರಡು ಬಾರಿ ಕೂಲಿ ಪಡೆದಂತಾಗುತ್ತದೆ. ತಿಂಗಳುಗಟ್ಟಲೆ ತಪ್ಪದೆ ನಡೆದೂ ತೂಕ ಇಳಿಯದೆ ಮನಸ್ಸು ಮುದುಡಿಕೊಂಡವರಲ್ಲಿ ಹಲವರ ದಿನಚರಿಯನ್ನು ಕೂತು ನೋಡಿದಾಗ ನನಗೆ ಕಂಡದ್ದು ಈ ಎರಡೆಣಿಕೆಯೇ.

ಮೆಟ್ ಪಟ್ಟಿ

ಎಲ್ಲಕ್ಕಿಂತ ಅಗ್ಗದ ವಿಧಾನ ಇದು. ಕಾಗದ, ಪೆನ್ನು ಮತ್ತು ಗಡಿಯಾರದ ನಿಮಿಷ ಮುಳ್ಳು ಇದ್ದರೆ ಸಾಕು. ಸುಮ್ಮನೆ ಕುಳಿತಿರುವಾಗಿನ ಖರ್ಚನ್ನು 1 ಮೆಟ್ ಎಂದು ಇಟ್ಟುಕೊಂಡು, ಪ್ರತಿಯೊಂದು ಚಟುವಟಿಕೆ ಅದರ ಎಷ್ಟು ಪಟ್ಟು ಎಂದು ಗುರುತಿಸಿದ ದೊಡ್ಡ ಪಟ್ಟಿಯೊಂದು ಅಮೆರಿಕದಲ್ಲಿ 1993ರಲ್ಲಿ ಮೊದಲು ಪ್ರಕಟವಾಯಿತು. 2000, 2011 ಮತ್ತು 2024ರಲ್ಲಿ ಪರಿಷ್ಕರಣೆಯಾಯಿತು. 1 ಮೆಟ್ ಎಂದರೆ ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ, ಅಥವಾ ಗಂಟೆಗೆ ಸರಿಸುಮಾರು 1 ಕ್ಯಾಲೊರಿ. ಲೆಕ್ಕ ಇಷ್ಟೇ: ಮೆಟ್ ಸಂಖ್ಯೆಯನ್ನು ತೂಕದಿಂದ, ಆಮೇಲೆ ಗಂಟೆಯಿಂದ ಗುಣಿಸುವುದು. 2011ರ ಪಟ್ಟಿಯಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್ ವೇಗದ ನಡಿಗೆ 3.5 ಮೆಟ್, 5.6 ಕಿಲೋಮೀಟರ್ ವೇಗದ್ದು 4.3, ಗಂಟೆಗೆ 8 ಕಿಲೋಮೀಟರ್ ಓಟ 8.3, ಹಠಯೋಗ 2.5, ಸೂರ್ಯನಮಸ್ಕಾರ 3.3. ನಿವ್ವಳ ಬೇಕಾದರೆ ಮೆಟ್ ಸಂಖ್ಯೆಯಿಂದ 1 ಕಳೆದು ಗುಣಿಸಬೇಕು. ನನ್ನ 128 ಬಂದದ್ದು ಹಾಗೆ.

ಈ ಪಟ್ಟಿಯ ಗುಣವೇನೆಂದರೆ ಅದರ ಹಿಂದಿನ ಊಹೆಗಳು ಕಣ್ಣಿಗೆ ಕಾಣುತ್ತವೆ. ದೋಷವೇನೆಂದರೆ ಅದು ಸರಾಸರಿ ಮನುಷ್ಯನಿಗೆ ಹೊಲಿದ ಅಂಗಿ. 3.5 ಎಂಬ ಆ ಮೂಲ ಸಂಖ್ಯೆಯೇ ಎಲ್ಲರಿಗೂ ಹೊಂದುವುದಿಲ್ಲ. 769 ವಯಸ್ಕರ ವಿಶ್ರಾಂತಿಯ ಉಸಿರನ್ನು ಅಳೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸರಾಸರಿ ಸಿಕ್ಕಿದ್ದು 2.6 ಮಿಲಿಲೀಟರ್ ಮಾತ್ರ. ಅದರಲ್ಲೂ ನಮ್ಮವರ ವಿಷಯದಲ್ಲಿ ಇನ್ನೊಂದು ಮಾತು ಸೇರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಭಾರತೀಯರ ವಿಶ್ರಾಂತಿ ಸ್ಥಿತಿಯ ಶಕ್ತಿ ಬಳಕೆಯನ್ನು ದಶಕಗಳ ಹಿಂದೆಯೇ ನೇರವಾಗಿ ಅಳೆದು, ಅಂತರರಾಷ್ಟ್ರೀಯ ಸೂತ್ರಗಳು ಅದನ್ನು ಇರುವುದಕ್ಕಿಂತ ಹೆಚ್ಚೆಂದು ತೋರಿಸುತ್ತವೆ ಎಂಬುದನ್ನು ದಾಖಲಿಸಿದ್ದಾರೆ. ಒಂದೇ ತೂಕದಲ್ಲಿ ಸ್ನಾಯು ಕಡಿಮೆಯಿದ್ದು ಕೊಬ್ಬು ಹೆಚ್ಚಿದ್ದರೆ ವಿಶ್ರಾಂತಿಯ ಖರ್ಚು ಇಳಿಯುತ್ತದೆ. ಆದ್ದರಿಂದ ಪಟ್ಟಿಯ ಒಟ್ಟು ಲೆಕ್ಕವನ್ನು ಮೇಲಿನ ಮಿತಿ ಎಂದು ಓದಿಕೊಳ್ಳುವುದು ನನ್ನ ರೂಢಿ.

ಏರಿಳಿತವಿಲ್ಲದ ನಡಿಗೆಗೂ ನಿಧಾನ ಓಟಕ್ಕೂ ಮೆಟ್ ಪಟ್ಟಿ ಬೆಲೆಬಾಳುವ ಗಡಿಯಾರಕ್ಕಿಂತ ಕಡಿಮೆಯೇನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಈ ಎರಡು ಕ್ರಿಯೆಗಳಲ್ಲಿ ಖರ್ಚನ್ನು ನಿರ್ಧರಿಸುವುದು ಬಹುಮಟ್ಟಿಗೆ ತೂಕ ಮತ್ತು ದೂರ. ಓಟಕ್ಕಂತೂ ಕಿಲೋಮೀಟರಿಗೆ, ದೇಹದ ಪ್ರತಿ ಕಿಲೋಗೆ, ಸುಮಾರು 1 ಕ್ಯಾಲೊರಿ ಎಂಬ ಬಾಯಿಲೆಕ್ಕ ಸಾಕಾಗುತ್ತದೆ. ಶಟಲ್, ನೃತ್ಯ, ಮಕ್ಕಳೊಡನೆ ಆಟ ಮುಂತಾದ ಏರುಪೇರಿನ ಚಟುವಟಿಕೆಗಳಿಗೆ ಪಟ್ಟಿ ಸೋಲುತ್ತದೆ. ಒಂದು ಗಂಟೆ ಶಟಲ್ ಆಡಿದೆ ಎನ್ನುವವರು ಕೋರ್ಟಿನ ಪಕ್ಕದ ಬೆಂಚಿನ ಮೇಲೆ ಕುಳಿತ ಸಮಯವನ್ನೂ ಅದರಲ್ಲೇ ಸೇರಿಸಿರುತ್ತಾರೆ.

ಟ್ರೆಡ್‌ಮಿಲ್ಲಿನ ಪರದೆ

ಟ್ರೆಡ್‌ಮಿಲ್‌ಗೆ ವೇಗವೂ ಏರೂ ನಿಖರವಾಗಿ ಗೊತ್ತಿರುತ್ತವೆ. ಅದು ಅದರ ದೊಡ್ಡ ಬಲ. ವ್ಯಾಯಾಮ ವಿಜ್ಞಾನದಲ್ಲಿ ರೂಢಿಯಲ್ಲಿರುವ ಸೂತ್ರದ ಪ್ರಕಾರ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಸಮತಟ್ಟಾಗಿ ನಡೆಯಲು ದೇಹದ ಪ್ರತಿ ಕಿಲೋಗೆ ನಿಮಿಷಕ್ಕೆ ಸುಮಾರು 11.8 ಮಿಲಿಲೀಟರ್ ಆಮ್ಲಜನಕ ಬೇಕು, ಪಟ್ಟಿಯನ್ನು ಶೇ. 5ರಷ್ಟು ಮೇಲೆತ್ತಿದರೆ ಅದು 19.3ಕ್ಕೆ ಏರುತ್ತದೆ. ವೇಗ ಹೆಚ್ಚಿಸಲು ಮಂಡಿ ಬಿಡದವರಿಗೆ ಏರು ಎಷ್ಟು ಉಪಕಾರಿ ಎಂಬುದನ್ನು ಈ ಎರಡು ಸಂಖ್ಯೆಗಳೇ ಹೇಳುತ್ತವೆ.

ಆದರೆ ಈ ಲೆಕ್ಕ ಕೆಡಲು ಎರಡು ಸಣ್ಣ ಸಂಗತಿಗಳು ಸಾಕು. ತೂಕವನ್ನು ತುಂಬಿಸದೆ ನೇರವಾಗಿ ಗುಂಡಿ ಒತ್ತಿದರೆ ಯಂತ್ರ ತನ್ನಲ್ಲಿ ಮೊದಲೇ ಇಟ್ಟಿರುವ ಯಾವುದೋ ತೂಕವನ್ನು ತೆಗೆದುಕೊಳ್ಳುತ್ತದೆ. ಅದು 70 ಕಿಲೋ ಎಂದಿದ್ದು ಮೇಲೆ ನಡೆಯುತ್ತಿರುವವರು 52 ಕಿಲೋ ಆಗಿದ್ದರೆ, ಪರದೆಯ ಸಂಖ್ಯೆ ಶೇ. 35ರಷ್ಟು ಉಬ್ಬಿರುತ್ತದೆ. ಎರಡನೆಯದು ಕೈಹಿಡಿ. ಏರಿಗೆ ಇಟ್ಟು, ಮುಂದಿನ ಸರಳನ್ನು ಬಿಗಿಯಾಗಿ ಹಿಡಿದು, ಹಿಂದಕ್ಕೆ ವಾಲಿಕೊಂಡು ನಡೆಯುವವರನ್ನು ಯಾವ ಜಿಮ್‌ನಲ್ಲಾದರೂ ನೋಡಬಹುದು. ದೇಹದ ಭಾರದ ಒಂದು ಪಾಲನ್ನು ತೋಳುಗಳು ಹೊತ್ತಿರುವುದರಿಂದ ಕಾಲುಗಳಿಗೆ ಏರು ತಗಲುವುದೇ ಇಲ್ಲ, ಪರದೆ ಮಾತ್ರ ಏರಿನ ಕ್ಯಾಲೊರಿಯನ್ನು ಎಣಿಸುತ್ತಲೇ ಇರುತ್ತದೆ. ನಿಂತಲ್ಲೇ ಪೆಡಲ್ ತುಳಿಯುತ್ತ ಹೆಜ್ಜೆ ಹಾಕುವ ಎಲಿಪ್ಟಿಕಲ್ ಮುಂತಾದ ಯಂತ್ರಗಳ ಸಂಖ್ಯೆಯನ್ನು ನಾನು ನೋಡುವುದಿಲ್ಲ. ಅವುಗಳ ರಚನೆ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ಒಂದು ಯಂತ್ರದ ಲೆಕ್ಕ ಇನ್ನೊಂದರ ಪಕ್ಕದಲ್ಲಿ ನಿಲ್ಲುವುದಿಲ್ಲ.

ನಾಡಿ ಹಿಡಿಯುವ ಗಡಿಯಾರ

ಗಡಿಯಾರದ ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತಕ್ಕೆ ತಾಗಿ ಮರಳುತ್ತದೆ. ಪ್ರತಿ ಬಡಿತಕ್ಕೂ ರಕ್ತ ಉಬ್ಬಿ ಇಳಿಯುವುದರಿಂದ ಮರಳುವ ಬೆಳಕು ಹೆಚ್ಚು ಕಡಿಮೆಯಾಗುತ್ತದೆ, ಅದನ್ನು ಎಣಿಸಿದರೆ ನಾಡಿ ಸಿಗುತ್ತದೆ. ಇದರ ಜೊತೆಗೆ ತೋಳಿನ ಚಲನೆಯನ್ನು ಅಳೆಯುವ ಸಣ್ಣ ಸಂವೇದಕವೂ ಇರುತ್ತದೆ. ಇಷ್ಟರಿಂದ ಕ್ಯಾಲೊರಿಗೆ ಹೋಗುವ ಸೂತ್ರವನ್ನು ಪ್ರತಿ ಕಂಪನಿಯೂ ಗುಟ್ಟಾಗಿ ಇಟ್ಟುಕೊಂಡಿದೆ.

ಗುಟ್ಟಿಲ್ಲದೆ ಪ್ರಕಟವಾಗಿರುವ ಇಂಥ ಸೂತ್ರವೊಂದನ್ನು ಬಿಡಿಸಿ ನೋಡಿದರೆ ತೊಡಕು ಎಲ್ಲಿದೆ ಎಂಬುದು ತಿಳಿಯುತ್ತದೆ. ದಕ್ಷಿಣ ಆಫ್ರಿಕಾದ ಸಂಶೋಧಕರು ನಿಯಮಿತವಾಗಿ ವ್ಯಾಯಾಮ ಮಾಡುವ 115 ಜನರನ್ನು ಅಳೆದು 2005ರಲ್ಲಿ ಕೊಟ್ಟ ಸೂತ್ರ ನಾಡಿ, ತೂಕ, ವಯಸ್ಸು ಮತ್ತು ಲಿಂಗವನ್ನು ಮಾತ್ರ ಕೇಳುತ್ತದೆ. 40 ವರ್ಷದ, 70 ಕಿಲೋ ತೂಕದ ಗಂಡಸಿನ ನಾಡಿ ನಿಮಿಷಕ್ಕೆ 110 ಇದ್ದರೆ ಅದು ನಿಮಿಷಕ್ಕೆ 8.7 ಕ್ಯಾಲೊರಿ ಎನ್ನುತ್ತದೆ. ಈಗ ಇದೇ ವ್ಯಕ್ತಿ ವರ್ಷಗಟ್ಟಲೆ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡಿ, ಮೊದಲ ವಾರ ಬಿರುಸಾಗಿ ನಡೆಯಲು ಶುರು ಮಾಡಿದ್ದಾನೆ ಎಂದುಕೊಳ್ಳಿ. ಗಂಟೆಗೆ 5.6 ಕಿಲೋಮೀಟರ್ ವೇಗಕ್ಕೇ ಅವನ ನಾಡಿ 110 ಮುಟ್ಟುತ್ತದೆ. ಆದರೆ ವೇಗ ಮತ್ತು ತೂಕದಿಂದ ಲೆಕ್ಕ ಹಾಕಿದರೆ ಆ ನಡಿಗೆಯ ನಿಜವಾದ ಖರ್ಚು ನಿಮಿಷಕ್ಕೆ ಸುಮಾರು 4.5 ಕ್ಯಾಲೊರಿ. ಪಳಗಿದ ದೇಹಗಳ ಮೇಲೆ ಕಟ್ಟಿದ ಸೂತ್ರ ಪಳಗದ ದೇಹದ ಏದುಸಿರನ್ನು ಹೆಚ್ಚಿನ ಕೆಲಸವೆಂದು ತಿಳಿದು ಖರ್ಚನ್ನು ಹೆಚ್ಚೂಕಡಿಮೆ ಎರಡು ಪಟ್ಟು ಮಾಡಿ ತೋರಿಸಿತು. ತೂಕ ಇಳಿಸಲೆಂದು ಹೊಸದಾಗಿ ಗಡಿಯಾರ ಕೊಳ್ಳುವವರು ಬಹುತೇಕ ಇಂಥ ದೇಹದವರೇ ಆಗಿರುತ್ತಾರೆ ಎಂಬುದು ನನಗೆ ಬೇಸರ ತರುವ ಸಂಗತಿ.

ನಾಡಿ ಏರಲು ಸ್ನಾಯುಗಳ ಕೆಲಸವೊಂದೇ ಕಾರಣವಾಗಬೇಕಾಗಿಲ್ಲ. ಏಪ್ರಿಲ್ ತಿಂಗಳ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಬೆಳಿಗ್ಗೆ ಒಂಬತ್ತಕ್ಕೆ ನಡೆದರೆ, ಮೈ ತಂಪಾಗಿಸಲು ರಕ್ತವನ್ನು ಚರ್ಮದ ಕಡೆಗೂ ಕಳಿಸಬೇಕಾದ ಹೃದಯ ಅದೇ ವೇಗದ ನಡಿಗೆಗೆ ಹೆಚ್ಚು ಸಲ ಬಡಿಯುತ್ತದೆ. ಬೆವರಿ ನೀರು ಕಡಿಮೆಯಾದಂತೆ, ವೇಗ ಬದಲಾಗದಿದ್ದರೂ, ನಾಡಿ ಇನ್ನಷ್ಟು ಏರುತ್ತ ಹೋಗುತ್ತದೆ. ಮೇಲಿನ ಸೂತ್ರದಲ್ಲಿ ಗಂಡಸರಿಗೆ ನಾಡಿ 10 ಹೆಚ್ಚಾದರೆ ನಿಮಿಷಕ್ಕೆ 1.5 ಕ್ಯಾಲೊರಿ ಹೆಚ್ಚುತ್ತದೆ. 40 ನಿಮಿಷಕ್ಕೆ 60 ಕ್ಯಾಲೊರಿ, ಒಂದು ಹೆಜ್ಜೆಯೂ ಹೆಚ್ಚು ಇಡದೆ. ಬೆವರು ಹೆಚ್ಚು ಹರಿದರೆ ಕೊಬ್ಬು ಹೆಚ್ಚು ಕರಗಿತು ಎಂಬ ನಂಬಿಕೆಗೆ ಗಡಿಯಾರವೂ ಹೀಗೆ ಒತ್ತಾಸೆಯಾಗಿ ನಿಲ್ಲುತ್ತದೆ. ಭಾರ ಎತ್ತುವಾಗಲೂ ಇದೇ ಪಾಡು: ಉಸಿರು ಬಿಗಿಹಿಡಿದು ಬಾರ್ ಎತ್ತಿದಾಗ ನಾಡಿ ಜಿಗಿಯುತ್ತದೆ, ಆಮ್ಲಜನಕದ ಬಳಕೆ ಆ ಪ್ರಮಾಣದಲ್ಲಿ ಏರುವುದಿಲ್ಲ, ಮೇಲಾಗಿ ಮುಷ್ಟಿ ಬಿಗಿದಾಗ ಮಣಿಕಟ್ಟಿನ ಸ್ನಾಯುಗಳು ಅಲುಗಿ ಬೆಳಕಿನ ಓದೇ ತಪ್ಪುತ್ತದೆ.

ತಿರುಗಿ ಇನ್ನೊಂದು ಕಡೆಯಿಂದಲೂ ಇದು ತಪ್ಪುತ್ತದೆ. ನನ್ನ ಚಿಕ್ಕಮ್ಮ ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ಬೀಟಾ ಬ್ಲಾಕರ್ ಎಂಬ ಗುಂಪಿಗೆ ಸೇರಿದ ಈ ಮಾತ್ರೆ ನಾಡಿಯನ್ನು ಏರಗೊಡುವುದಿಲ್ಲ. ಅವರೊಡನೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ, ನಂದಿಯ ಹತ್ತಿರ ನಿಂತು ಅವರ ಗಡಿಯಾರ ನೋಡಿದೆ. ಅವರು ಮೆಟ್ಟಿಲ ಅಂಚಿಗೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಮಾತಾಡಲಾಗದೆ ಕೈಸನ್ನೆಯಿಂದ ನೀರು ಕೇಳುತ್ತಿದ್ದರು. ಗಡಿಯಾರದಲ್ಲಿ ನಾಡಿ 94, ವ್ಯಾಯಾಮದ ತೀವ್ರತೆ ‘ಹಗುರ’ ಎಂದಿತ್ತು. ಅಂದು ಅವರು ಮೆಟ್ಟಿಲಿನುದ್ದಕ್ಕೂ ಕಂಬಿ ಹಿಡಿದು ಹತ್ತಿದ್ದರು, ಹಾಗಾಗಿ ಗಡಿಯಾರ ಕಟ್ಟಿದ್ದ ಕೈಯೂ ಬೀಸಿರಲಿಲ್ಲ. ನಾಡಿಯಿಂದಲೂ ಅಲುಗಾಟದಿಂದಲೂ ಸಾಧನಕ್ಕೆ ಅವರ ಶ್ರಮ ಕಾಣಲಿಲ್ಲ.

ಹತ್ತುವುದರ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ. 64 ಕಿಲೋ ದೇಹವನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು ಬೇಕಾದ ಕೆಲಸ ಸುಮಾರು 63 ಕಿಲೋಜೂಲ್, ಅಂದರೆ 15 ಕ್ಯಾಲೊರಿ. ಸ್ನಾಯುಗಳು ಉರಿಸಿದ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಕೆಲಸವಾಗಿ ಪರಿವರ್ತನೆಯಾಗಿ ಉಳಿದದ್ದು ಶಾಖವಾಗುವುದರಿಂದ, ನಿಜವಾದ ಖರ್ಚು ಸುಮಾರು 60 ಕ್ಯಾಲೊರಿ. ನೂರು ಮೀಟರ್ ಏರಿಗೆ ಹೆಚ್ಚೂಕಡಿಮೆ ನಿಮ್ಮ ತೂಕದಷ್ಟೇ ಕ್ಯಾಲೊರಿ ಎಂದು ನೆನಪಿಟ್ಟುಕೊಂಡರೆ ಯಾವ ಬೆಟ್ಟಕ್ಕೂ ಇದು ಸಲ್ಲುತ್ತದೆ. ಮುಂದಕ್ಕೆ ಹೆಜ್ಜೆ ಹಾಕಿದ್ದರ ಖರ್ಚು ಇದರ ಮೇಲೆ ಸೇರುತ್ತದೆ.

ಗಡಿಯಾರಗಳ ದೋಷ ಎಷ್ಟು ಎಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 60 ಜನರ ಕೈಗೆ ಏಳು ಬಗೆಯ ಸಾಧನಗಳನ್ನು ಕಟ್ಟಿ, ಉಸಿರಿನ ಅಳತೆಯೊಡನೆ ಹೋಲಿಸಿ 2017ರಲ್ಲಿ ಪ್ರಕಟಿಸಿತು. ಏಳರಲ್ಲಿ ಆರು ಸಾಧನಗಳು ನಾಡಿಯನ್ನು ಶೇ. 5ರೊಳಗಿನ ದೋಷದಲ್ಲಿ ಹೇಳಿದವು. ಕ್ಯಾಲೊರಿಯ ವಿಷಯದಲ್ಲಿ ಎಲ್ಲಕ್ಕಿಂತ ಒಳ್ಳೆಯದರ ಸರಾಸರಿ ದೋಷ ಶೇ. 27, ಕೆಟ್ಟದ್ದರದ್ದು ಶೇ. 93. ಅಂದಿನ ಸಾಧನಗಳು ಈಗ ಹಳೆಯವು; ಆದರೆ ನಾಡಿ ಸರಿಯಾಗಿ ಸಿಕ್ಕರೂ ಕ್ಯಾಲೊರಿ ತಪ್ಪಬಹುದು ಎಂಬ ಆ ಅಧ್ಯಯನದ ತಿಳಿವು ಹಳೆಯದಾಗಿಲ್ಲ, ಏಕೆಂದರೆ ತೊಡಕಿರುವುದು ಸಂವೇದಕದಲ್ಲಿ ಅಲ್ಲ, ನಾಡಿಯಿಂದ ಆಮ್ಲಜನಕಕ್ಕೆ ಹಾಕುವ ಸೇತುವೆಯಲ್ಲಿ. ಗಡಿಯಾರ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಅದರ ನಾಡಿ, ಸಮಯ, ದೂರ ಮತ್ತು ಹೆಜ್ಜೆಗಳ ಲೆಕ್ಕ ಬಹಳ ಉಪಯುಕ್ತ. ಇಂದಿನ ನಿಮ್ಮ ಓಟವನ್ನು ಕಳೆದ ತಿಂಗಳ ನಿಮ್ಮದೇ ಓಟದೊಡನೆ ಹೋಲಿಸಲು ಅದರ ಕ್ಯಾಲೊರಿ ಸಂಖ್ಯೆಯೂ ತಕ್ಕಮಟ್ಟಿಗೆ ಆದೀತು. ಪಕ್ಕದ ಮನೆಯವರ ಸಂಖ್ಯೆಯೊಡನೆ ಹೋಲಿಸಲು ಆಗದು.

ಪವರ್ ಮೀಟರ್, ಪ್ರಯೋಗಾಲಯ

ಮನೆಯಲ್ಲೇ ಬಳಸಬಹುದಾದ ಸಾಧನಗಳಲ್ಲಿ ನನ್ನ ದೃಷ್ಟಿಯಲ್ಲಿ ಅತ್ಯಂತ ವಿಶ್ವಾಸಾರ್ಹವಾದದ್ದು ಸೈಕಲ್ಲಿನ ಪವರ್ ಮೀಟರ್. ಅದು ಪೆಡಲಿಗೆ ಬಿದ್ದ ಬಲವನ್ನು ನೇರವಾಗಿ ಅಳೆಯುತ್ತದೆ. ಉಳಿಯುವ ಊಹೆ ಒಂದೇ, ಸ್ನಾಯುಗಳ ದಕ್ಷತೆ. ಅದು ಬಹುತೇಕರಲ್ಲಿ ಶೇ. 20ರಿಂದ 25ರ ನಡುವೆ ಇರುತ್ತದೆ. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೋಗುವ ಸೈಕಲ್ ಸವಾರರೊಬ್ಬರು ಒಂದು ಗಂಟೆ ಸರಾಸರಿ 150 ವ್ಯಾಟ್ ತುಳಿದರೆ ಆದ ಕೆಲಸ 540 ಕಿಲೋಜೂಲ್; ಖರ್ಚಾದದ್ದು 516ರಿಂದ 645 ಕ್ಯಾಲೊರಿಯ ಒಳಗೆ. ಒಂದು ಕಿಲೋಜೂಲಿಗೆ ಒಂದು ಕ್ಯಾಲೊರಿಗಿಂತ ತುಸು ಹೆಚ್ಚು ಎಂಬ ಸವಾರರ ರೂಢಿಮಾತಿಗೆ ಇದೇ ಆಧಾರ. ದೂರ ಸವಾರಿಯ ನಡುವೆ ಎಷ್ಟು ತಿನ್ನಬೇಕು ಎಂದು ಯೋಚಿಸುವವರಿಗೆ ಪವರ್ ಮೀಟರಿಗೆ ಕೊಡುವ ಬೆಲೆ ತಕ್ಕದ್ದು. ಬಡಾವಣೆಯಲ್ಲಿ ಅರ್ಧ ಗಂಟೆ ಸೈಕಲ್ ತುಳಿಯುವವರಿಗೆ ಅಗತ್ಯವಿಲ್ಲ.

ಉಸಿರಿನ ಮಾಸ್ಕ್ ಪರೀಕ್ಷೆ ಕೆಲವು ಕ್ರೀಡಾ ವೈದ್ಯಕೀಯ ಕೇಂದ್ರಗಳಲ್ಲಿ ಸಿಗುತ್ತದೆ. ಒಮ್ಮೆ ಮಾಡಿಸಿ, ಯಾವ ನಾಡಿಗೆ ನಿಮ್ಮ ದೇಹ ಎಷ್ಟು ಆಮ್ಲಜನಕ ಬಳಸುತ್ತದೆ ಎಂಬ ನಕ್ಷೆಯನ್ನು ಪಡೆದರೆ, ಆಮೇಲೆ ನಾಡಿಯಿಂದ ಹಾಕುವ ಲೆಕ್ಕ ಬಹಳಷ್ಟು ಸುಧಾರಿಸುತ್ತದೆ. ಸ್ಪರ್ಧೆಗಿಳಿಯುವವರಿಗೆ ಇದು ಸಾರ್ಥಕ ಖರ್ಚು.

ವಿಜ್ಞಾನಿಗಳು ದಿನಗಟ್ಟಲೆಯ ಖರ್ಚನ್ನು ಅಳೆಯಲು ಬಳಸುವ ಇನ್ನೊಂದು ವಿಧಾನದಲ್ಲಿ, ಜಲಜನಕ ಮತ್ತು ಆಮ್ಲಜನಕದ ಭಾರವಾದ ಐಸೊಟೋಪುಗಳಿರುವ (ಅದೇ ಧಾತುವಿನ, ತೂಕ ಹೆಚ್ಚಿರುವ ಪರಮಾಣುಗಳಿರುವ) ನೀರನ್ನು ಕುಡಿಸಿ, ಒಂದೆರಡು ವಾರ ಮೂತ್ರವನ್ನು ಪರೀಕ್ಷಿಸಿ, ಎರಡೂ ಎಷ್ಟು ವೇಗವಾಗಿ ಹೊರಹೋದವು ಎಂಬುದರಿಂದ ಇಂಗಾಲದ ಡೈಆಕ್ಸೈಡ್ ಎಷ್ಟು ಉತ್ಪತ್ತಿಯಾಯಿತೆಂದು ಕಂಡುಹಿಡಿಯುತ್ತಾರೆ. ಮನುಷ್ಯರ ಮೇಲೆ ಇದು 1982ರಿಂದ ಬಳಕೆಯಲ್ಲಿದೆ. ಇದು ದುಬಾರಿ, ಒಂದು ದಿನದ ಒಂದು ಓಟದ ಖರ್ಚನ್ನು ಬೇರೆಯಾಗಿ ಹೇಳಲೂ ಬರುವುದಿಲ್ಲ. ಆದರೂ ನಮ್ಮ ಲೆಕ್ಕವನ್ನು ಬುಡಸಹಿತ ಅಲುಗಾಡಿಸಿದ ತಿಳಿವಳಿಕೆ ಬಂದದ್ದು ಇದರಿಂದಲೇ. ಟಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಹಡ್ಜಾ ಜನ ನಗರವಾಸಿಗಳಿಗಿಂತ ಎಷ್ಟೋ ಹೆಚ್ಚು ನಡೆದರೂ, ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದಾಗ ಅವರ ದಿನದ ಒಟ್ಟು ಖರ್ಚು ಪಾಶ್ಚಾತ್ಯರದ್ದಕ್ಕಿಂತ ಬೇರೆಯಾಗಿರಲಿಲ್ಲ ಎಂದು 2012ರಲ್ಲಿ ಗೊತ್ತಾಯಿತು. 1,754 ವಯಸ್ಕರ ಇಂಥ ಅಳತೆಗಳನ್ನು ವಿಶ್ಲೇಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಚಟುವಟಿಕೆಯಿಂದಾದ ಹೆಚ್ಚುವರಿ ಖರ್ಚಿನಲ್ಲಿ ಸರಾಸರಿ ಶೇ. 28ರಷ್ಟನ್ನು ದೇಹ ಬೇರೆ ಕಡೆ ಉಳಿತಾಯ ಮಾಡಿ ಸರಿತೂಗಿಸಿಕೊಳ್ಳುತ್ತದೆ. ಅಂದರೆ ನನ್ನ ನಡಿಗೆಯ ನಿವ್ವಳ 128 ಕ್ಯಾಲೊರಿ ನಿಖರವೇ ಆಗಿದ್ದರೂ, ದಿನದ ಒಟ್ಟು ಖಾತೆಗೆ ಜಮೆಯಾಗುವುದು 90ರ ಆಸುಪಾಸು. ಯಾವ ಗಡಿಯಾರವೂ ಯಾವ ಪಟ್ಟಿಯೂ ಇದನ್ನು ತೋರಿಸುವುದಿಲ್ಲ.

ತಕ್ಕಡಿ ಮತ್ತು ದಿನಚರಿ

ಇದನ್ನು ತೋರಿಸುವ ಸಾಧನ ಮನೆಯಲ್ಲೇ ಇದೆ. ಬೆಳಿಗ್ಗೆ ಶೌಚದ ನಂತರ, ಏನನ್ನೂ ತಿನ್ನುವ ಮುಂಚೆ ದಿನವೂ ತೂಕ ನೋಡಿ, ವಾರದ ಸರಾಸರಿಯನ್ನು ಬರೆದಿಡುವುದು. ಒಂದು ದಿನದ ತೂಕಕ್ಕೆ ಅರ್ಥವಿಲ್ಲ. ಹಬ್ಬದ ಊಟದ ಉಪ್ಪು ಒಂದು ಕಿಲೋ ನೀರನ್ನು ಸುಲಭವಾಗಿ ಹಿಡಿದಿಡುತ್ತದೆ. ನಾಲ್ಕು ವಾರಗಳ ಸರಾಸರಿಗೆ ಅರ್ಥವಿದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 250 ಕ್ಯಾಲೊರಿ ಕೊರತೆ ಇದೆಯೆಂದು ಗಡಿಯಾರ ಮತ್ತು ಆ್ಯಪ್ ಸೇರಿ ಹೇಳುತ್ತಿದ್ದರೆ ನಾಲ್ಕು ವಾರಗಳಲ್ಲಿ ಸುಮಾರು 900 ಗ್ರಾಂ ಇಳಿಯಬೇಕು. 400 ಗ್ರಾಂ ಮಾತ್ರ ಇಳಿದಿದ್ದರೆ ನಿಜವಾದ ಕೊರತೆ ದಿನಕ್ಕೆ 110ರಷ್ಟು. ಉಳಿದದ್ದು ಅಂದಾಜಿನ ದೋಷ. ದೋಷ ನಡಿಗೆಯ ಲೆಕ್ಕದಲ್ಲಿತ್ತೋ, ಒಗ್ಗರಣೆಯ ಎಣ್ಣೆಯ ಲೆಕ್ಕದಲ್ಲಿತ್ತೋ ಎಂಬುದನ್ನು ತಕ್ಕಡಿ ಬಿಡಿಸಿ ಹೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಐದು ಗ್ರಾಮಿನ ಒಂದು ಚಮಚ ಎಣ್ಣೆಯಲ್ಲಿ 45 ಕ್ಯಾಲೊರಿ ಇರುವಾಗ, ಮೂರು ಚಮಚದ ಎಣಿಕೆ ತಪ್ಪಿದರೆ ನನ್ನ ನಡಿಗೆಯ ನಿವ್ವಳವೆಲ್ಲ ಅಲ್ಲಿಗೇ ಚುಕ್ತಾ.

ಹಾಗಾದರೆ ಯಾರಿಗೆ ಯಾವುದು

ತೂಕ ಇಳಿಸುವವರಿಗೆ ನನ್ನ ಆಯ್ಕೆ ಮೆಟ್ ಪಟ್ಟಿಯ ನಿವ್ವಳ ಲೆಕ್ಕ, ಅದನ್ನು ತಿದ್ದಲು ತಕ್ಕಡಿಯ ನಾಲ್ಕು ವಾರ. ಗಡಿಯಾರ ಈಗಾಗಲೇ ಇದ್ದರೆ ಅದರ ‘ಆ್ಯಕ್ಟಿವ್’ ಸಂಖ್ಯೆಯ ಅರ್ಧವನ್ನು ಮಾತ್ರ ಊಟದ ಲೆಕ್ಕಕ್ಕೆ ತೆಗೆದುಕೊಳ್ಳಿ ಎನ್ನುತ್ತೇನೆ. ಇದು ಸೂತ್ರವಲ್ಲ, ಮೇಲೆ ಹೇಳಿದ ದೋಷಗಳೆಲ್ಲ ಹೆಚ್ಚಾಗಿ ಒಂದೇ ದಿಕ್ಕಿಗೆ ವಾಲುವುದನ್ನು ನೋಡಿ ಇಟ್ಟುಕೊಂಡ ಎಚ್ಚರಿಕೆ. ದೀರ್ಘ ಓಟಗಾರರು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಚ್ಚರ ವಹಿಸಬೇಕು. ತಿಂಗಳಿಗೆ ಇನ್ನೂರು ಕಿಲೋಮೀಟರ್ ಓಡುವ ಯುವತಿ ಖರ್ಚನ್ನು ಕಡಿಮೆ ಅಂದಾಜು ಮಾಡಿ ಕಡಿಮೆ ತಿಂದರೆ ಮುಟ್ಟು ಏರುಪೇರಾಗುವುದು, ಮೂಳೆ ಸವೆಯುವುದು ನಿಜವಾದ ಅಪಾಯಗಳು. ಅವರಿಗೆ ದೂರ ಮತ್ತು ತೂಕದ ಲೆಕ್ಕವೇ ಸರಿ, ಅರ್ಧ ಮಾಡುವ ಮಾತು ಅವರಿಗೆ ಸಲ್ಲದು. ಇನ್ಸುಲಿನ್ ತೆಗೆದುಕೊಳ್ಳುವವರು ಯಾವ ಸಾಧನದ ಕ್ಯಾಲೊರಿಯನ್ನೂ ನೆಚ್ಚಿ ಡೋಸ್ ಬದಲಿಸಬಾರದು. ಅವರಿಗೆ ಗ್ಲುಕೋಮೀಟರ್ ಮತ್ತು ವೈದ್ಯರ ಮಾತೇ ಅಳತೆ.

ಬೀಟಾ ಬ್ಲಾಕರ್ ತೆಗೆದುಕೊಳ್ಳುವವರು, ಹೃದಯದ ಲಯ ತಪ್ಪುವವರು, ಪೇಸ್‌ಮೇಕರ್ ಇರುವವರು ನಾಡಿಯಿಂದ ಬರುವ ಸಂಖ್ಯೆಯನ್ನು ಪೂರ್ತಿ ಬಿಟ್ಟು, ನಿಮಿಷ ಮತ್ತು ಉಸಿರನ್ನು ನೋಡಿಕೊಳ್ಳುವುದು ಲೇಸು: ಮಾತಾಡಲು ಆಗುತ್ತಿದ್ದು ಹಾಡಲು ಆಗದಿದ್ದರೆ ಅದು ಮಧ್ಯಮ ಶ್ರಮ. ನನ್ನ ಚಿಕ್ಕಮ್ಮ ಈಗ ಗಡಿಯಾರದ ಕ್ಯಾಲೊರಿ ಪರದೆಯನ್ನು ಮುಚ್ಚಿಸಿಕೊಂಡಿದ್ದಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಕೆಳಗೆ, ಬೆಟ್ಟಕ್ಕೆ ಹೋದ ದಿನ ಎಷ್ಟನೆಯ ಮೆಟ್ಟಿಲಿಗೆ ಮೊದಲ ಸಲ ಕುಳಿತರೆಂದು ಪೆನ್ಸಿಲಿನಿಂದ ಬರೆಯುತ್ತಾರೆ. ಜನವರಿಯಲ್ಲಿ ಅದು 180 ಇತ್ತು. ಕಳೆದ ಭಾನುವಾರ 340.